ಆಟ ಮುಗಿಯುವ ಮೊದಲೇ ಹಣ ಮುಗಿದರೆ

'ಲೈಫು ಇಷ್ಟೇನೆ' ತೆರೆಕಂಡ ಮೇಲೆ ಪವನ್ ಕುಮಾರ್ ಮುಂದಿನ ಚಿತ್ರಕಥೆ ಹಿಡಿದು ನಿರ್ಮಾಪಕರ ಬಳಿ ಓಡಾಡಿದರು, ಯಾರೂ ಒಪ್ಪಲಿಲ್ಲ. ಕೊನೆಗೆ ಅವರು ನೋಡುಗರನ್ನೇ ಕೇಳಿದರು. 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. 'ಲೂಸಿಯಾ' 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು, ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕನ್ನಡಿಗರಿಗೆ ಕ್ರೌಡ್‌ಫಂಡಿಂಗ್ ಎಂಬ ಮಾತು ಪರಿಚಯವಾದದ್ದೇ ಹೀಗೆ, ಒಂದು ಗೆಲುವಿನ ಮೂಲಕ. ಆದರೆ ಅದೇ ದಾರಿಯಲ್ಲಿ ಮಾಡುವುದಾಗಿ ಪವನ್ ಘೋಷಿಸಿದ ಮುಂದಿನ ಚಿತ್ರ 'ಸಿ10ಎಚ್14ಎನ್2' ಮುಂದಕ್ಕೆ ಹೋಗಲಿಲ್ಲ. 2016ರಲ್ಲಿ ಬಂದದ್ದು ಬೇರೆಯೇ ಚಿತ್ರ, 'ಯೂ ಟರ್ನ್'.

ಅದೇ ವರ್ಷಗಳಲ್ಲಿ ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಇದೇ ಪ್ರಯೋಗ ವಿಡಿಯೋ ಗೇಮ್‌ಗಳಲ್ಲಿ ನಡೆಯಿತು. ಅಲ್ಲಿ ಮೊತ್ತ ಲಕ್ಷ ಡಾಲರುಗಳಲ್ಲಿ ಇತ್ತು, ಹಣ ಹಾಕಿದವರು ಹತ್ತಾರು ಸಾವಿರ. ಕೆಲವು ಆಟಗಳು ಹೇಳಿದ್ದಕ್ಕಿಂತ ಚೆನ್ನಾಗಿ ಬಂದವು. ಕೆಲವು ವರ್ಷಗಟ್ಟಲೆ ತಡವಾದವು, ಕೆಲವು ಅರೆಬರೆಯಾಗಿ ಹೊರಬಂದವು, ಕೆಲವು ಬರಲೇ ಇಲ್ಲ. ಖರ್ಚು ಕೈಮೀರಿದ್ದು ಮಾತ್ರ ಬಹುತೇಕ ಎಲ್ಲ ಕಡೆ. ಯಾಕೆ ಹೀಗಾಗುತ್ತದೆ, ಆದಾಗ ಹಣ ಹಾಕಿದವರಿಗೆ ಏನು ಕೇಳುವ ಹಕ್ಕಿದೆ ಎಂಬ ಚರ್ಚೆ ಹತ್ತು ಹನ್ನೆರಡು ವರ್ಷಗಳಿಂದ ನಡೆದಿದೆ. ಅದರಲ್ಲಿ ಕನಿಷ್ಠ ನಾಲ್ಕು ವಾದಗಳಿವೆ. ಒಂದೊಂದೂ ಒಂದಿಷ್ಟನ್ನು ವಿವರಿಸುತ್ತದೆ, ಒಂದಿಷ್ಟರ ಮುಂದೆ ಸುಮ್ಮನಾಗುತ್ತದೆ.

ಮುಂಗಡ ಹಣದ ಹಳೆಯ ಇತಿಹಾಸ

ತಯಾರಾಗದ ವಸ್ತುವಿಗೆ ಮೊದಲೇ ಹಣ ಕೊಡುವುದು ಅಂತರ್ಜಾಲ ತಂದ ಪದ್ಧತಿಯಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಪುಸ್ತಕಗಳು ಚಂದಾದಾರರ ಹಣದಿಂದ ಅಚ್ಚಾಗುತ್ತಿದ್ದವು. ಸ್ಯಾಮ್ಯುಯೆಲ್ ಜಾನ್ಸನ್ 1756ರಲ್ಲಿ ಶೇಕ್ಸ್‌ಪಿಯರನ ನಾಟಕಗಳ ಸಂಪಾದಿತ ಆವೃತ್ತಿಗೆ ಚಂದಾ ಎತ್ತಿದರು, ಮರುವರ್ಷದ ಕೊನೆಗೆ ಕೊಡುವುದಾಗಿ ಹೇಳಿದರು. ಪುಸ್ತಕ ಬಂದದ್ದು 1765ರಲ್ಲಿ. ಅಷ್ಟರೊಳಗೆ ಕವಿಯೊಬ್ಬ ಅವರನ್ನು ಬಹಿರಂಗವಾಗಿ ಲೇವಡಿ ಮಾಡಿಯಾಗಿತ್ತು. ಬಂದ ಪುಸ್ತಕ ಮಾತ್ರ ಶೇಕ್ಸ್‌ಪಿಯರ್ ಅಧ್ಯಯನದಲ್ಲಿ ಇಂದಿಗೂ ಮೈಲಿಗಲ್ಲು.

1885ರಲ್ಲಿ ಜೋಸೆಫ್ ಪುಲಿಟ್ಜರ್ ಸ್ವಾತಂತ್ರ್ಯ ದೇವಿ ಪ್ರತಿಮೆಯ ಪೀಠಕ್ಕೆಂದು ತಮ್ಮ ಪತ್ರಿಕೆಯ ಮೂಲಕ 1 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಕೊಟ್ಟವರಲ್ಲಿ ಹೆಚ್ಚಿನವರದು ಒಂದು ಡಾಲರಿಗಿಂತ ಕಡಿಮೆ. ನಮ್ಮ ದೇಶದಲ್ಲಿ 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. 1997ರಲ್ಲಿ ಬ್ರಿಟನ್ನಿನ ಮಾರಿಲಿಯನ್ ಎಂಬ ವಾದ್ಯವೃಂದದ ಅಭಿಮಾನಿಗಳು ಅಂತರ್ಜಾಲದಲ್ಲೇ 60,000 ಡಾಲರ್ ಕೂಡಿಸಿ ತಂಡವನ್ನು ಅಮೆರಿಕಕ್ಕೆ ಕರೆಸಿಕೊಂಡರು.

ಹಣದ ಮೂಲ ಬೇರೆಯಾದರೂ ತಡವಾಗುವ ವಿಷಯದಲ್ಲಿ ನಮ್ಮದೇ ಒಂದು ನಿದರ್ಶನವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಕೆಲಸ ಶುರುವಾದದ್ದು 1940ರ ದಶಕದಲ್ಲಿ, ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅದನ್ನು ಯಾರೂ ವಂಚನೆ ಎನ್ನುವುದಿಲ್ಲ. ತಡವಾಗುವುದೂ ನಿರಾಸೆ ಮಾಡುವುದೂ ಒಂದೇ ಅಲ್ಲ ಎಂಬುದನ್ನು ಈ ಚರ್ಚೆಯುದ್ದಕ್ಕೂ ನೆನಪಿಡಬೇಕು.

2012: ಹೊಳೆ ಬಂದ ವರ್ಷ

ಕ್ರೌಡ್‌ಫಂಡಿಂಗ್ ಜಾಲತಾಣ ಕಿಕ್‌ಸ್ಟಾರ್ಟರ್ 2009ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರ ನಿಯಮ ಸರಳ. ಕೆಲಸ ಮಾಡುವವರು ಒಂದು ಗುರಿಮೊತ್ತ, ಒಂದು ಗಡುವು ಇಡಬೇಕು. ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಹಣ ಕಡಿತವಾಗುವುದಿಲ್ಲ. ಮುಟ್ಟಿದರೆ ಕಿಕ್‌ಸ್ಟಾರ್ಟರ್ ಶೇ 5 ಇಟ್ಟುಕೊಳ್ಳುತ್ತದೆ, ಪಾವತಿ ಸಂಸ್ಥೆಯ ಶುಲ್ಕ ಬೇರೆ.

2012ರ ಫೆಬ್ರುವರಿಯಲ್ಲಿ ಹೆಸರಾಂತ ವಿನ್ಯಾಸಕ ಟಿಮ್ ಶೇಫರ್ ಅವರ ಡಬಲ್ ಫೈನ್ ಕಂಪನಿ 4 ಲಕ್ಷ ಡಾಲರ್ ಕೇಳಿತು. ಅದರಲ್ಲಿ 3 ಲಕ್ಷ ಆಟಕ್ಕೆ, 1 ಲಕ್ಷ ಆಟ ತಯಾರಾಗುವುದನ್ನು ಚಿತ್ರೀಕರಿಸುವ ಸಾಕ್ಷ್ಯಚಿತ್ರಕ್ಕೆ. 87,142 ಜನ ಸೇರಿ 33 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಬೇಡಿದ್ದರ ಎಂಟು ಪಟ್ಟು ಬಂತು, ಆದರೂ ಸಾಲಲಿಲ್ಲ. ಹಣ ಬರುತ್ತಿದ್ದಂತೆ ಆಟದ ವಿನ್ಯಾಸವೂ ಹಿಗ್ಗಿತು. 2013ರ ಜುಲೈನಲ್ಲಿ ಶೇಫರ್ ಪತ್ರ ಬರೆದು, ಅಂದುಕೊಂಡಷ್ಟು ಮಾಡಲು ಕೈಯಲ್ಲಿರುವ ಹಣ ಸಾಲದು, ಆಟವನ್ನು ಎರಡು ಭಾಗ ಮಾಡಿ ಮೊದಲ ಭಾಗ ಮಾರಿದ ಹಣದಲ್ಲಿ ಎರಡನೆಯದನ್ನು ಮುಗಿಸುತ್ತೇವೆ ಎಂದು ತಿಳಿಸಿದರು. 'ಬ್ರೋಕನ್ ಏಜ್' ಎಂದು ಹೆಸರಾದ ಆ ಆಟದ ಮೊದಲ ಭಾಗ 2014ರ ಜನವರಿಯಲ್ಲಿ, ಎರಡನೆಯದು 2015ರ ಏಪ್ರಿಲ್‌ನಲ್ಲಿ ಬಂತು.

ಡಬಲ್ ಫೈನ್ ತೆರೆದ ಬಾಗಿಲಿನಿಂದ ಹಲವರು ನುಗ್ಗಿದರು. ಮುಂದಿನ ಎಲ್ಲ ವಾದಗಳಿಗೂ ಸಾಮಗ್ರಿ ಒದಗಿಸಿದ್ದು ಹೆಚ್ಚಾಗಿ ಈ 2012–13ರ ಬೆಳೆಯೇ.

ಮೊದಲ ವಾದ: ಅಂದಾಜು ಹಾಕಲು ಬಾರದು

ಇದು ನಿರ್ವಹಣಾಶಾಸ್ತ್ರದವರ ವಾದ. ಮನುಷ್ಯ ತನ್ನ ಕೆಲಸಕ್ಕೆ ಬೇಕಾಗುವ ಸಮಯವನ್ನು ಸಾಮಾನ್ಯವಾಗಿ ಕಡಿಮೆಯೇ ಅಂದಾಜಿಸುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಬರೆದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಹಚ್ಚಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲಿ ತೋರಿಸಿದ್ದರು. ಆಟವೆಂದರೆ ಸಾಫ್ಟ್‌ವೇರೂ ಹೌದು, ಚಿತ್ರಕಲೆ, ಸಂಗೀತ, ಕಥೆಯೂ ಹೌದು. ಎಲ್ಲವನ್ನೂ ಜೋಡಿಸಿ ಆಡಿಸಿ ನೋಡುವ ತನಕ ಅದು ಮಜಾ ಕೊಡುತ್ತದೋ ಇಲ್ಲವೋ ಮಾಡಿದವರಿಗೇ ಗೊತ್ತಿರುವುದಿಲ್ಲ. ಮಜಾ ಬರದಿದ್ದರೆ ಮಾಡಿದ್ದನ್ನು ಕಿತ್ತು ಮತ್ತೆ ಮಾಡಬೇಕು.

ಈ ವಾದಕ್ಕೆ ಹೇಳಿಮಾಡಿಸಿದ ಉದಾಹರಣೆ 'ಯೋಗ್‌ವೆಂಚರ್ಸ್'. 2012ರಲ್ಲಿ ಎರಡೂವರೆ ಲಕ್ಷ ಡಾಲರ್ ಕೇಳಿ 5,67,665 ಡಾಲರ್ ಪಡೆದ ಈ ಆಟ 2014ರ ಜುಲೈನಲ್ಲಿ ರದ್ದಾಯಿತು. ಆಗ ತಯಾರಕರು ಕೊಟ್ಟ ವಿವರಣೆಯಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮುಖ್ಯ ಚಿತ್ರಕಲಾವಿದರೊಬ್ಬರಿಗೆ 35,000 ಡಾಲರನ್ನು ಒಂದೇ ಕಂತಿನಲ್ಲಿ ಕೊಟ್ಟಿದ್ದರು. ಆತ ಎರಡು ವಾರ ಕೆಲಸ ಮಾಡಿ ದೊಡ್ಡ ಕಂಪನಿಯೊಂದಕ್ಕೆ ಹೊರಟುಹೋದರು. ಕೆಲಸ ಬಿಟ್ಟರೆ ಹಣ ವಾಪಸ್ ಕೊಡಬೇಕೆಂಬ ಷರತ್ತು ಕರಾರಿನಲ್ಲಿ ಇರಲೇ ಇಲ್ಲ. ಇಲ್ಲಿ ದುರಾಸೆಗಿಂತ ಎದ್ದು ಕಾಣುವುದು ಅನುಭವದ ಕೊರತೆ. ಐದೂವರೆ ಲಕ್ಷ ಡಾಲರಿನ ವ್ಯವಹಾರದಲ್ಲಿ ಪಳಗಿದ, ಆಟಗಳಿಗೆ ಹಣ ಹಾಕಿ ಮಾರುವ ಪ್ರಕಾಶಕ ಅಂಥ ಕರಾರಿಗೆ ಸಹಿ ಹಾಕುತ್ತಿರಲಿಲ್ಲ.

ಆದರೆ ಎರಡು ದಶಕಗಳಿಗೂ ಹೆಚ್ಚಿನ ಅನುಭವವಿದ್ದ ಶೇಫರ್ ಅವರಂಥವರೂ ಎಡವಿದ್ದೇಕೆ ಎಂಬುದಕ್ಕೆ ಈ ವಾದದಲ್ಲಿ ಪೂರ್ತಿ ಉತ್ತರವಿಲ್ಲ.

ಎರಡನೆಯ ವಾದ: ಗುರಿಮೊತ್ತ ಖರ್ಚಿನ ಲೆಕ್ಕವೇ ಅಲ್ಲ

ಗುರಿ ಮುಟ್ಟದಿದ್ದರೆ ಬಿಡಿಗಾಸೂ ಸಿಗದು ಎಂಬ ನಿಯಮವಿದ್ದ ಮೇಲೆ, ಬೇಕಾದಷ್ಟನ್ನು ಯಾರು ಕೇಳುತ್ತಾರೆ? ಜನ ಎಷ್ಟು ಕೊಡಬಹುದೋ ಅಷ್ಟನ್ನೇ ಕೇಳುತ್ತಾರೆ. ಇದು ಉದ್ಯಮದ ಒಳಗಿನವರ ವಾದ. ಅಮೆರಿಕದ ಗೇಮ್ ಉದ್ಯಮದಲ್ಲಿ ಸಂಬಳ, ಬಾಡಿಗೆ, ವಿಮೆ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ಸುಮಾರು 10,000 ಡಾಲರ್ ಎಂಬ ರೂಢಿಯ ಅಂದಾಜಿದೆ. ಆ ಲೆಕ್ಕದಲ್ಲಿ ಡಬಲ್ ಫೈನ್ ಆಟಕ್ಕೆಂದು ಇಟ್ಟಿದ್ದ 3 ಲಕ್ಷ ಡಾಲರಿಗೆ ಹತ್ತು ಜನ ಮೂರು ತಿಂಗಳು ಕೆಲಸ ಮಾಡಬಹುದು, ಅಷ್ಟೇ. ಕೊಟ್ಟವರಲ್ಲಿ ಬಹುಪಾಲು ಜನ ಈ ಭಾಗಾಕಾರ ಮಾಡಿ ನೋಡಿರಲಿಲ್ಲ.

ಯಶಸ್ವಿ ಆಟಗಳೂ ಈ ವಾದಕ್ಕೆ ಸಾಕ್ಷಿ ಹೇಳುತ್ತವೆ. 2013ರಲ್ಲಿ 'ಶವಲ್ ನೈಟ್' 75,000 ಡಾಲರ್ ಕೇಳಿ 3,11,502 ಪಡೆಯಿತು. ಆದರೂ ಕೊನೆಯ ಕೆಲವು ತಿಂಗಳು ತಂಡ ಸಂಬಳವಿಲ್ಲದೆ ದುಡಿಯಿತು. ಆಟ ಗೆದ್ದದ್ದರಿಂದ ಆ ಕೊರತೆ ಸಾಹಸದ ಕಥೆಯಾಯಿತು, ಸೋತಿದ್ದರೆ ಬೇಜವಾಬ್ದಾರಿ ಎನಿಸಿಕೊಳ್ಳುತ್ತಿತ್ತು. ಝೆಕ್ ದೇಶದ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' 2014ರಲ್ಲಿ 11 ಲಕ್ಷ ಪೌಂಡ್ ಕೂಡಿಸಿದ್ದು ಇನ್ನೊಂದು ಬಗೆ. ಜನರ ಆಸಕ್ತಿಯನ್ನು ಶ್ರೀಮಂತ ಹೂಡಿಕೆದಾರರಿಗೆ ತೋರಿಸಲು ಅದು ಪುರಾವೆಯಾಯಿತು, ದೊಡ್ಡ ಹಣ ಅಲ್ಲಿಂದ ಬಂತು.

ಭಾರತದ ಉದಾಹರಣೆ ತಿರುಗುಮುರುಗಾದದ್ದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ದುರ್ಗೆಯ ಕೃಪೆ ಪಡೆದ ಹುಡುಗಿಯೊಬ್ಬಳ ಕಥೆಯುಳ್ಳ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಆಟಕ್ಕೆ 2017ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ 1,20,000 ಪೌಂಡ್ ಕೇಳಿತು. ಗುರಿ ಮುಟ್ಟಲಿಲ್ಲ, ಒಂದು ಪೌಂಡೂ ಕೈಸೇರಲಿಲ್ಲ. ಸಂಸ್ಥಾಪಕರಲ್ಲಿ ಒಬ್ಬರು ತಮ್ಮ ಫ್ಲ್ಯಾಟ್ ಮಾರಿ ಕೆಲಸ ಮುಂದುವರಿಸಿದರು. ಆಮೇಲೆ ಪ್ರಕಾಶಕರು ಸಿಕ್ಕರು. 2020ರ ಆಗಸ್ಟ್‌ನಲ್ಲಿ ಆಟ ಬಿಡುಗಡೆಯಾಗಿ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. ನಿಯಮ ಜನರ ಹಣವನ್ನು ಕಾಪಾಡಿತು, ಆದರೆ ನಷ್ಟದ ಭಯ ಎಲ್ಲಿಗೂ ಹೋಗಲಿಲ್ಲ. ಅದು ಒಬ್ಬರ ಮನೆಯ ಮೇಲೆ ಕೂತಿತು.

ಮೂರನೆಯ ವಾದ: ಹಣ ಹೆಚ್ಚಾದದ್ದೇ ಕೇಡು

ಎರಡನೆಯ ವಾದಕ್ಕೆ ಇದು ನೇರ ವಿರುದ್ಧ. ಗುರಿ ದಾಟಿದ ಮೇಲೂ ಜನ ಹಣ ಹಾಕುತ್ತಿರಲಿ ಎಂದು 'ಸ್ಟ್ರೆಚ್ ಗೋಲ್'ಗಳನ್ನು ಸೇರಿಸುತ್ತಾರೆ. ಇಷ್ಟು ಬಂದರೆ ಇನ್ನೊಂದು ಪಾತ್ರ, ಅಷ್ಟು ಬಂದರೆ ಇನ್ನೊಂದು ಯಂತ್ರದಲ್ಲೂ ಆಡುವ ಸೌಲಭ್ಯ. ಪ್ರಚಾರದ ಉತ್ಸಾಹದಲ್ಲಿ ಒಂದು ಸಾಲಿನಲ್ಲಿ ಬರೆದ ಮಾತು ಆಮೇಲೆ ತಿಂಗಳುಗಟ್ಟಲೆ ಕೆಲಸವಾಗುತ್ತದೆ.

2013ರಲ್ಲಿ ಜಪಾನಿನ ವಿನ್ಯಾಸಕ ಕೆಯ್ಜಿ ಇನಾಫುನೆ ಅವರ 'ಮೈಟಿ ನಂಬರ್ 9' 9 ಲಕ್ಷ ಡಾಲರ್ ಕೇಳಿ ಕಿಕ್‌ಸ್ಟಾರ್ಟರ್ ಒಂದರಲ್ಲೇ 38 ಲಕ್ಷ ದಾಟಿತು. ಹತ್ತು ಬಗೆಯ ಯಂತ್ರಗಳಲ್ಲಿ ಆಟ ಕೊಡುವುದಾಗಿ ಮಾತು ಕೊಟ್ಟಿತ್ತು. ಬಿಡುಗಡೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ 2016ರ ಜೂನ್‌ಗೆ ಬಂತು, ವಿಮರ್ಶಕರು ನೀರಸವೆಂದರು. ಕೈಯಲ್ಲಿ ಹಿಡಿದು ಆಡುವ ಎರಡು ಯಂತ್ರಗಳ ಆವೃತ್ತಿ ಬರಲೇ ಇಲ್ಲ. ಇದು ಮುಗಿಯುವ ಮೊದಲೇ, 2015ರಲ್ಲಿ, ಅದೇ ಇನಾಫುನೆ ಇನ್ನೊಂದು ಆಟಕ್ಕೆ ಹಣ ಕೇಳಿದಾಗ ಜನ ಗುರಿ ಮುಟ್ಟಿಸಲಿಲ್ಲ.

ಇದರ ಪರಾಕಾಷ್ಠೆ ಕ್ರಿಸ್ ರಾಬರ್ಟ್ಸ್ ಅವರ 'ಸ್ಟಾರ್ ಸಿಟಿಜನ್'. 2012ರ ಪ್ರಚಾರದಲ್ಲಿ 62 ಲಕ್ಷ ಡಾಲರ್ ಬಂತು, 2014ರಲ್ಲಿ ಆಟ ಬರಬೇಕಿತ್ತು. ಆದರೆ ಕಂಪನಿ ಹಣ ಎತ್ತುವುದನ್ನು ನಿಲ್ಲಿಸಲಿಲ್ಲ. ಆಟದೊಳಗಿನ ಅಂತರಿಕ್ಷ ನೌಕೆಗಳನ್ನು, ಕೆಲವನ್ನು ತಯಾರಿಸುವ ಮೊದಲೇ, ಮಾರುತ್ತ ಹೋಯಿತು. 2022ರಲ್ಲಿ ಒಟ್ಟು ಮೊತ್ತ 50 ಕೋಟಿ ಡಾಲರ್ ದಾಟಿದಾಗಲೂ ಪೂರ್ಣ ಆಟ ಬಂದಿರಲಿಲ್ಲ. ಪರೀಕ್ಷಾರ್ಥ ಆವೃತ್ತಿಯನ್ನೇ ವರ್ಷಗಳಿಂದ ಖುಷಿಯಾಗಿ ಆಡುತ್ತಿರುವವರು ಸಾವಿರಾರು ಜನ. ಮುಗಿಸಿದರೆ ಆದಾಯ ನಿಲ್ಲಬಹುದು ಎಂಬ ಸ್ಥಿತಿಯಲ್ಲಿ ಯಾರಿಗೆ ಮುಗಿಸುವ ಆತುರ ಎಂದು ಟೀಕಾಕಾರರು ಕೇಳುತ್ತಾರೆ.

ಹಾಗೆಂದು ಸ್ಟ್ರೆಚ್ ಗೋಲ್‌ಗಳೆಲ್ಲ ಕೇಡೇ ಎನ್ನಲಾಗದು. 'ಶವಲ್ ನೈಟ್' ತಂಡ ಹೆಚ್ಚುವರಿಯಾಗಿ ಒಪ್ಪಿಕೊಂಡದ್ದನ್ನು ಮುಗಿಸಲು 2019ರ ಡಿಸೆಂಬರ್ ತನಕ ದುಡಿಯಿತು, ಆದರೆ ಮುಗಿಸಿತು. ಆಸ್ಟ್ರೇಲಿಯಾದ ಪುಟ್ಟ ತಂಡವೊಂದು 2014ರಲ್ಲಿ ಸುಮಾರು 57,000 ಆಸ್ಟ್ರೇಲಿಯನ್ ಡಾಲರಿನಲ್ಲಿ ಆರಂಭಿಸಿದ 'ಹಾಲೋ ನೈಟ್' 2017ರಲ್ಲಿ ಬಂತು. ಅದರ ಸ್ಟ್ರೆಚ್ ಗೋಲ್ ಆಗಿದ್ದ ಎರಡನೆಯ ನಾಯಕಿಯ ಕಥೆ ಬೆಳೆದು ಬೆಳೆದು 'ಸಿಲ್ಕ್‌ಸಾಂಗ್' ಎಂಬ ಪ್ರತ್ಯೇಕ ಆಟವಾಗಿ 2025ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಅಷ್ಟರಲ್ಲಿ ಜನ ಹಣ ಕೊಟ್ಟು ಸುಮಾರು ಹನ್ನೊಂದು ವರ್ಷವಾಗಿತ್ತು. ಆದರೂ ಮೋಸ ಎಂಬ ಕೂಗು ದೊಡ್ಡದಾಗಿ ಏಳಲಿಲ್ಲ, ಏಕೆಂದರೆ ಮೊದಲ ಆಟವೇ ಕೊಟ್ಟ ಹಣಕ್ಕೆ ಮೀರಿದ್ದಾಗಿತ್ತು.

ನಾಲ್ಕನೆಯ ವಾದ: ಎಲ್ಲ ಕಡೆಯೂ ಹೀಗೇ, ಇಲ್ಲಿ ಕಾಣುತ್ತದೆ

ಜನರ ಮುಂಗಡ ಹಣವಿಲ್ಲದೆ ಆಗುವ ಆಟಗಳೂ ಹದ ತಪ್ಪುತ್ತವೆ. 1997ರಲ್ಲಿ ಘೋಷಣೆಯಾದ 'ಡ್ಯೂಕ್ ನ್ಯೂಕಮ್ ಫಾರೆವರ್' ಬಂದದ್ದು 2011ರಲ್ಲಿ. ಮೂರು ಬಾರಿ ಮುಂದೂಡಿ 2020ರ ಡಿಸೆಂಬರ್‌ನಲ್ಲಿ ಬಂದ 'ಸೈಬರ್‌ಪಂಕ್ 2077' ಹಳೆಯ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ಹಣ ವಾಪಸ್ ಕೊಟ್ಟಿತು. ಪ್ರಕಾಶಕರು ನಡುದಾರಿಯಲ್ಲಿ ಕೈಬಿಟ್ಟ ಎಷ್ಟೋ ಆಟಗಳ ಹೆಸರೂ ಹೊರಗೆ ಬರುವುದಿಲ್ಲ. ಕ್ರೌಡ್‌ಫಂಡಿಂಗ್‌ನಲ್ಲಿ ಎಲ್ಲವೂ ಬಯಲಿನಲ್ಲಿ ನಡೆಯುತ್ತದೆ, ಆದ್ದರಿಂದ ಸೋಲು ಹೆಚ್ಚು ಕಾಣುತ್ತದೆ ಎಂಬುದು ಈ ವಾದ.

ಇದಕ್ಕೆ ಅಂಕಿಅಂಶದ ಬಲವೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಯೋಜನೆಗಳು ಹೇಳಿದ ದಿನಕ್ಕಿಂತ ತಡವಾಗಿದ್ದವು. ಮರುವರ್ಷ ಕಿಕ್‌ಸ್ಟಾರ್ಟರಿನಲ್ಲಿ ಹಣ ಹಾಕಿದ 47,188 ಜನರನ್ನು ವಿಚಾರಿಸಿದಾಗ, ಹೇಳಿದ್ದನ್ನು ಕೊಡದೇ ಹೋದ ಯೋಜನೆಗಳು ಸುಮಾರು ಶೇ 9 ಎಂದು ಕಂಡುಬಂತು. ತಡ ಸಾಮಾನ್ಯ, ಪೂರ್ತಿ ಕೈಕೊಡುವುದು ಅಪರೂಪ ಎಂದಾಯಿತು. ಆದರೆ ಪ್ರಕಾಶಕ ಕಳೆದುಕೊಳ್ಳುವುದು ತನ್ನ ಹಣವನ್ನು. ಇಲ್ಲಿ ಹೋಗುವುದು ಆಟಗಾರರ ಹಣ. ಈ ವ್ಯತ್ಯಾಸವನ್ನು ನಾಲ್ಕನೆಯ ವಾದ ಬದಿಗೆ ಸರಿಸುತ್ತದೆ.

ಹಣ ಹಾಕಿದವರು ಯಾರು?

ನಾಲ್ಕೂ ವಾದಗಳ ಕೆಳಗೆ ಇರುವ ನಿಜವಾದ ಜಗಳ ಇದು: ಗಿರಾಕಿಯೋ, ದಾನಿಯೋ, ಪಾಲುದಾರನೋ? ಮಸ್ಕಿ–ಸಿಂಧನೂರು ಕಡೆಯ ವಳಕಮದಿನ್ನಿಯಂಥ ಊರಿನಲ್ಲಿ ಜಾತ್ರೆಗೆ ನಾಟಕ ಆಡಿಸಲು ಪಟ್ಟಿ ಎತ್ತಿದಾಗ ಈ ಪ್ರಶ್ನೆ ಏಳುವುದಿಲ್ಲ. ಮಾಸ್ತರನ ಸಂಬಳ, ಸೀನ್ಸಿನ ಬಾಡಿಗೆ, ಊರೂರಿಂದ ಬರುವ ಕಲಾವಿದೆಯರ ಅಡ್ವಾನ್ಸ್ ಎಲ್ಲ ಸೇರಿ ಅಂದಾಜು ಮೀರುವುದು ಅಲ್ಲೂ ಇದೆ. ಮೀರಿದರೆ ಹಿರಿಯರು ಇನ್ನೊಂದು ಸುತ್ತು ಮನೆಮನೆಗೆ ಹೋಗುತ್ತಾರೆ, ಇಲ್ಲವೇ ಪಾತ್ರ ಹಾಕುವವರೇ ಕೈಯಿಂದ ಹಾಕುತ್ತಾರೆ. ಕೊಟ್ಟವರೂ ಪಡೆದವರೂ ಒಂದೇ ಕಟ್ಟೆಯ ಮೇಲೆ ಕೂರುವವರು, ಊರ ದೈವ, ಅಂದರೆ ಊರವರ ಸಭೆ, ಕೂಡಿದಾಗ ಲೆಕ್ಕ ಹೇಳಲೇಬೇಕು. ಅಂತರ್ಜಾಲದ ಪಟ್ಟಿಯಲ್ಲಿ ಕೊಟ್ಟವನು ಕೊಪ್ಪಳದಲ್ಲಿ, ಪಡೆದವನು ಕ್ಯಾಲಿಫೋರ್ನಿಯಾದಲ್ಲಿ. ಲೆಕ್ಕ ಕೇಳಲು ಕಟ್ಟೆಯೇ ಇಲ್ಲದ್ದರಿಂದ ಆ ಜಾಗಕ್ಕೆ ಕಾನೂನು ಬರಬೇಕಾಯಿತು.

ಕಿಕ್‌ಸ್ಟಾರ್ಟರ್ 2012ರ ಸೆಪ್ಟೆಂಬರ್‌ನಲ್ಲಿ ತಾನು ಅಂಗಡಿಯಲ್ಲ ಎಂದು ಸ್ಪಷ್ಟವಾಗಿ ಘೋಷಿಸಿತು. 2014ರಲ್ಲಿ ನಿಯಮ ತಿದ್ದಿ, ಮುಗಿಸಲಾಗದವರು ಹಣ ಎಲ್ಲಿ ಹೋಯಿತೆಂದು ವಿವರಿಸಬೇಕು, ಉಳಿದದ್ದನ್ನು ಹಿಂದಿರುಗಿಸಬೇಕು ಎಂದಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಇಸ್ಪೀಟು ಎಲೆ ಕೊಡದ ಕಂಪನಿಯೊಂದರ ಮೇಲೆ ಗ್ರಾಹಕ ಕಾಯ್ದೆಯಡಿ ಮೊಕದ್ದಮೆ ಹೂಡಿ ಮುಂದೆ ಗೆದ್ದರು. 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಲಗೆಯಾಟವೊಂದಕ್ಕೆ 1,22,000 ಡಾಲರ್ ಎತ್ತಿ ಮನೆ ಬಾಡಿಗೆಗೂ ಊರು ಬದಲಿಸಲೂ ಖರ್ಚು ಮಾಡಿದವನನ್ನು ಹಿಡಿಯಿತು. ಆತನ ಬಳಿ ಹಣವಿಲ್ಲದ್ದರಿಂದ ದಂಡ ಕಾಗದದಲ್ಲೇ ಉಳಿಯಿತು. ಹಣವನ್ನು ಸ್ವಂತಕ್ಕೆ ಬಳಸಿದರೆ ಕಾನೂನು ಮುಟ್ಟುತ್ತದೆ. ಪ್ರಾಮಾಣಿಕವಾಗಿ ಖರ್ಚು ಮಾಡಿ ಸೋತವರನ್ನು ಅದು ಮುಟ್ಟಿದ್ದು ವಿರಳ. 2018ರಲ್ಲಿ 'ಸ್ಟಾರ್ ಸಿಟಿಜನ್' ಮೇಲೆ 4,500 ಡಾಲರ್ ವಾಪಸ್ ಕೇಳಿ ಒಬ್ಬರು ನ್ಯಾಯಾಲಯಕ್ಕೆ ಹೋದಾಗ, ಅವರು ಒಪ್ಪಿಕೊಂಡಿದ್ದ ಷರತ್ತುಗಳೇ ಅವರಿಗೆ ಅಡ್ಡ ಬಂದವು.

ಭಾರತದಲ್ಲಿ ದಾರಿ ಇನ್ನೂ ಕಿರಿದು. ಬೆಂಗಳೂರಿನ ಮಿಲಾಪ್, ಮುಂಬೈನ ಕೆಟ್ಟೊ ಮುಂತಾದವುಗಳಲ್ಲಿ ಹರಿಯುವುದು ಬಹುಪಾಲು ಚಿಕಿತ್ಸೆಯ, ಸಹಾಯದ ಹಣ. ಲಾಭದ ಪಾಲು ಕೊಡುವ ಕ್ರೌಡ್‌ಫಂಡಿಂಗ್ ಕುರಿತು ಷೇರುಪೇಟೆ ನಿಯಂತ್ರಕ ಸೆಬಿ 2014ರ ಜೂನ್‌ನಲ್ಲಿ ಚರ್ಚಾಪತ್ರ ಹೊರಡಿಸಿತು. 2016ರಲ್ಲಿ ಅನುಮತಿಯಿಲ್ಲದ ವೇದಿಕೆಗಳ ಬಗ್ಗೆ ಹೂಡಿಕೆದಾರರನ್ನು ಎಚ್ಚರಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಯನ್ನೂ ಒಳಗೊಳ್ಳುತ್ತದೆ. ಆದರೆ ಇನ್ನೂ ಹುಟ್ಟದ ಆಟಕ್ಕೆ ಕೊಟ್ಟ ಹಣ ಖರೀದಿಯೋ ಪ್ರೋತ್ಸಾಹವೋ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಎತ್ತಿಕೊಳ್ಳುವುದಿಲ್ಲ.

ಪ್ರಯತ್ನಿಸಿದ ಪರಿಹಾರಗಳು

ಮೂರು ದಾರಿಗಳನ್ನು ಹಿಡಿದು ನೋಡಿದ್ದಾರೆ. ಒಂದು, 2013ರಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಆರಂಭಿಸಿದ ಅರ್ಲಿ ಆ್ಯಕ್ಸೆಸ್. ಅಲ್ಲಿ ಅರ್ಧ ತಯಾರಾದ ಆಟವನ್ನೇ ಮಾರುತ್ತಾರೆ, ಕೊಳ್ಳುವವರು ಆಡಿ ನೋಡಬಹುದು. ಎರಡು, 2015ರಲ್ಲಿ ಬಂದ ಫಿಗ್ ಎಂಬ ವೇದಿಕೆ. ಹಣ ಹಾಕಿದವರಿಗೆ ಆದಾಯದಲ್ಲಿ ಪಾಲು ಕೊಡುವ ಪ್ರಯೋಗ ಅದರದು. ಡಬಲ್ ಫೈನ್ ಅಲ್ಲಿ 38 ಲಕ್ಷ ಡಾಲರ್ ಎತ್ತಿದ 'ಸೈಕೊನಾಟ್ಸ್ 2' 2018ಕ್ಕೆ ಬರಬೇಕಿತ್ತು, 2021ಕ್ಕೆ ಬಂತು, ನಡುವೆ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡಿತು. ಮೂರು, ಮುಚ್ಚುಮರೆಯಿಲ್ಲದ ವರದಿ. 'ಬ್ರೋಕನ್ ಏಜ್' ಸಾಕ್ಷ್ಯಚಿತ್ರದಲ್ಲಿ ಹಣ ಸಾಲದ ಸಂಕಟವೂ ದಾಖಲಾಗಿದೆ. ಯಾವ ದಾರಿಯೂ ಖರ್ಚು ಮೀರುವುದನ್ನು ನಿಲ್ಲಿಸಿಲ್ಲ. ನಷ್ಟ ಯಾರ ತಲೆಗೆ, ಯಾವಾಗ ಬೀಳಬೇಕು ಎಂಬುದನ್ನು ಮಾತ್ರ ಬದಲಿಸಿವೆ.

ಇತ್ಯರ್ಥವಾಗದೆ ಉಳಿದದ್ದು

ಈ ವಾದಗಳನ್ನು ಎದುರುಬದುರು ಇಟ್ಟು ನೋಡಿದರೆ ಒಂದು ಸಂಗತಿ ಗಟ್ಟಿಯಾಗುತ್ತದೆ. ಖರ್ಚು ಮೀರುವುದಕ್ಕೂ ನಿರಾಸೆಗೂ ಬಿಡಿಸಲಾರದ ನಂಟೇನಿಲ್ಲ. ಹಣ ಸಾಲದೆಯೂ ಕೆಡಬಹುದು, ಹೆಚ್ಚಾಗಿಯೂ ಕೆಡಬಹುದು. ಜನ ಸಿಟ್ಟಾಗುವುದು ತಮಗೆ ಹೇಳಿದ ಮೊತ್ತವೂ ತಾರೀಖೂ ಮೊದಲಿನಿಂದಲೇ ನಿಜವಾಗಿರಲಿಲ್ಲ ಎಂದು ಗೊತ್ತಾದಾಗ. ಹಾಗಾಗಿ ನಾಲ್ಕರಲ್ಲಿ ಹೆಚ್ಚು ದೂರ ಹೋಗುವುದು ಎರಡನೆಯ ವಾದ. ಆದರೆ ಅದೂ 'ಸ್ಟಾರ್ ಸಿಟಿಜನ್' ಎದುರು ಸುಮ್ಮನಾಗುತ್ತದೆ.

ಉಳಿದ ಪ್ರಶ್ನೆಗಳು ಇವು. ಪ್ರಕಾಶಕರು ತಮ್ಮ ಸೋಲಿನ ಲೆಕ್ಕ ಬಯಲಿಗಿಡದ ಹೊರತು, ಜನರ ಹಣದ ಆಟಗಳು ನಿಜಕ್ಕೂ ಹೆಚ್ಚು ಸೋಲುತ್ತವೆಯೇ ಎಂದು ತೂಗುವುದು ಹೇಗೆ? ಆಡಬಹುದಾದ, ಆದರೆ ಮುಗಿಯದ ಆಟವನ್ನು ಕೊಟ್ಟರೆ ಅದು ಕೊಟ್ಟಂತೆಯೋ ಕೊಡದಂತೆಯೋ? ನಿಜವಾದ ಪೂರ್ಣ ಖರ್ಚನ್ನೂ ಉಳಿದ ಹಣದ ಮೂಲವನ್ನೂ ಮೊದಲೇ ಬಹಿರಂಗಪಡಿಸಬೇಕೆಂದು ಕಡ್ಡಾಯ ಮಾಡಿದರೆ ಸಣ್ಣ ತಂಡಗಳು ಬದುಕುತ್ತವೆಯೇ, ಅಥವಾ ಧೈರ್ಯವಾಗಿ ಸುಳ್ಳು ಹೇಳಬಲ್ಲವರಷ್ಟೇ ಉಳಿಯುತ್ತಾರೆಯೇ? ಬೆಂಗಳೂರನ್ನು ಗೇಮ್ ಉದ್ಯಮದ ಕೇಂದ್ರ ಮಾಡಲು ರಾಜ್ಯ ಸರ್ಕಾರ 2012ರಿಂದ ಅನಿಮೇಷನ್ ಮತ್ತು ಗೇಮಿಂಗ್ ನೀತಿಗಳನ್ನು ರೂಪಿಸುತ್ತ ಬಂದಿದೆ. ನಾಳೆ ಕನ್ನಡದ ತಂಡವೊಂದು ಆಟಕ್ಕಾಗಿ ಕನ್ನಡಿಗರ ಮುಂದೆ ಕೈಯೊಡ್ಡಿದರೆ, ಪ್ರಾಮಾಣಿಕವಾಗಿ ದುಡಿದೂ ಅದು ಅರ್ಧಕ್ಕೆ ನಿಂತರೆ, ಐನೂರು ರೂಪಾಯಿ ಕೊಟ್ಟವರು ಯಾವ ಬಾಗಿಲು ಬಡಿಯಬೇಕು ಎಂಬುದು ಇಲ್ಲಿ ಇನ್ನೂ ಯಾರೂ ತೀರ್ಮಾನಿಸದ ವಿಷಯ.